ಸಿರಿವಂತರ ಬೀದಿ ಸರಿದ ಹಾದಿ

1850ರ ಸುಮಾರಿಗೆ ಬೆಂಗಳೂರಿನ ದೊಡ್ಡ ಸಾಹುಕಾರರ ಮನೆ ಎಲ್ಲಿ ಎಂದು ಯಾರನ್ನಾದರೂ ಕೇಳಿದ್ದರೆ, ಅವರು ಅಂಗಡಿಯ ಮಾಳಿಗೆಯತ್ತ ಕೈತೋರುತ್ತಿದ್ದರು. ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆ, ಮಾಮೂಲುಪೇಟೆ, ತರಗುಪೇಟೆ, ಅಕ್ಕಿಪೇಟೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರಿನ ಈ ಪೇಟೆಗಳಲ್ಲಿ ಕಸುಬಿಗೊಂದು ಬೀದಿ, ಬೀದಿಗೊಂದು ಕಸುಬು. ಬೀದಿಗೆ ಮುಖ ಮಾಡಿ ಅಂಗಡಿ, ಅದರ ಹಿಂದೆ ಹಜಾರ, ನಡುವೆ ಬೆಳಕಿಗೊಂದು ತೊಟ್ಟಿ, ಕೊನೆಯಲ್ಲಿ ಅಡುಗೆಮನೆ, ಹಿತ್ತಲು. ಮುಂಭಾಗದ ಅಗಲ ಹತ್ತು ಹನ್ನೆರಡು ಅಡಿ ದಾಟದಿದ್ದರೂ ಒಳಗೆ ಮೂರು ತಲೆಮಾರು ಒಟ್ಟಿಗೆ ಬಾಳುತ್ತಿತ್ತು. ಲಕ್ಷಾಧೀಶನ ಬಾಗಿಲಿಗೂ ಅವನ ಗುಮಾಸ್ತನ ಬಾಗಿಲಿಗೂ ನಡುವೆ ಒಂದು ಗೋಡೆಯಷ್ಟೇ ದೂರ.

ಆ ಕಾಲದ ಸಾಹುಕಾರ ಹಣವನ್ನು ಮನೆಯ ಮೇಲೆ ಸುರಿಯುತ್ತಿರಲಿಲ್ಲ. ವೀಳ್ಯದೆಲೆ ವ್ಯಾಪಾರದಿಂದ ಮೇಲೆ ಬಂದ ಎಲೆ ಮಲ್ಲಪ್ಪ ಶೆಟ್ಟರು ಬರಗಾಲದಲ್ಲಿ ಊರು ಬಾಯಾರಿದಾಗ ತಮ್ಮ ಸಂಪತ್ತಿನ ದೊಡ್ಡ ಪಾಲನ್ನು ಕೆರೆ ಕಟ್ಟಿಸಲು ಕೊಟ್ಟರು. ಹಳೆಯ ಮದ್ರಾಸು ರಸ್ತೆಯಲ್ಲಿ ಹೊಸಕೋಟೆಯ ಕಡೆ ಹೋಗುವವರಿಗೆ ಇಂದಿಗೂ ಅವರ ಹೆಸರಿನ ಕೆರೆ ಕಾಣುತ್ತದೆ. ಗುಬ್ಬಿಯಿಂದ ಬಂದು ಮಾಮೂಲುಪೇಟೆಯಲ್ಲಿ ನೆಲೆ ನಿಂತ ತೋಟದಪ್ಪನವರು ರೈಲು ನಿಲ್ದಾಣದ ಎದುರು ಛತ್ರ ಕಟ್ಟಿಸಿದರು. ಹಳ್ಳಿಯಿಂದ ಓದಲು ಬಂದ ಹುಡುಗರಿಗೆ ಅವರ ಧರ್ಮಸಂಸ್ಥೆ ಎಷ್ಟು ದೊಡ್ಡ ಆಸರೆಯಾಯಿತು ಎಂಬುದನ್ನು ಅಲ್ಲಿ ಉಳಿದು ಓದಿದವರೇ ಹೇಳಬೇಕು. ಈ ಇಬ್ಬರು ವಾಸವಿದ್ದ ಮನೆ ಯಾವುದೆಂದು ಇವತ್ತು ಹೆಚ್ಚಿನವರಿಗೆ ಗೊತ್ತಿಲ್ಲ. ಕೆರೆ ಗೊತ್ತು, ಛತ್ರ ಗೊತ್ತು. ಸಿರಿವಂತನನ್ನು ಅವನ ಮನೆಯ ಬೆಲೆಯಿಂದ ಗುರುತಿಸುವ ರೂಢಿ ಈ ಊರಿಗೆ ಹೊರಗಿನಿಂದ ಬಂತು. ಅದು ಬಂದದ್ದು ಸೈನ್ಯದ ಜೊತೆ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಲ್ಲಿ ಬೀಡು ಬಿಟ್ಟಿತು. ಕಾವೇರಿ ದಡದ ಜ್ವರ ಸಿಪಾಯಿಗಳನ್ನು ಬಿಡದೆ ಕಾಡಿತು. ಕೊನೆಗೆ 1809ರಲ್ಲಿ ಪಡೆಯನ್ನು ಬೆಂಗಳೂರಿಗೆ, ಪೇಟೆಯಿಂದ ಪೂರ್ವಕ್ಕೆ ಹಲಸೂರಿನ ಸಮೀಪದ ಎತ್ತರದ ಬಯಲಿಗೆ ತಂದರು. ಮಧ್ಯದಲ್ಲಿ ಪರೇಡ್ ಮೈದಾನ, ಸುತ್ತ ಬ್ಯಾರಕ್ಕು, ಅದರಾಚೆ ಅಧಿಕಾರಿಗಳ ಬಂಗಲೆ. ಕನ್ನಡಿಗರ ಬಾಯಲ್ಲಿ ಅದು ದಂಡು ಆಯಿತು. ಪೇಟೆಗೂ ದಂಡಿಗೂ ನಡುವೆ ಬಯಲು ಬಿಟ್ಟರು. 1870ರಲ್ಲಿ ಆ ಬಯಲಿನಲ್ಲೇ ಕಬ್ಬನ್ ಪಾರ್ಕ್ ತಲೆಯೆತ್ತಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡಿನ ನೆಲವನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು.

ಬಂಗಲೆ ಎಂದರೆ ಮೊದಲು ಕಾಂಪೌಂಡು. ಎರಡು, ನಾಲ್ಕು, ಕೆಲವೊಮ್ಮೆ ಹತ್ತು ಎಕರೆಯ ಆವರಣ, ಅದರ ನಡುವೆ ಬೀದಿಗೆ ಕಾಣಿಸಿಯೂ ಕಾಣಿಸದಂತಿರುವ ಮನೆ. ಮುಂದೆ ಗಾಡಿ ನಿಲ್ಲಲು ಪೋರ್ಟಿಕೋ, ಸುತ್ತ ಆಳವಾದ ಜಗಲಿ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ಶುರುವಾದ ಮೇಲೆ ಮಾಡಿಗೆ ಕೆಂಪು ಹೆಂಚು. ಕಿಟಕಿ ಮತ್ತು ಪೋರ್ಟಿಕೋ ಮೇಲೆ ಚೂಪು ನೆತ್ತಿಯ ಮರದ ಜಾಲರಿ ಮುಂಚಾಚು. ಮಂಕಿ ಟಾಪ್ ಎಂದು ಅದಕ್ಕೆ ಹೆಸರು. ಹಿಂದೆ ಕುದುರೆಲಾಯ, ಆಳುಗಳ ಸಾಲುಮನೆ. ಆಳುಗಳು ಬರುತ್ತಿದ್ದುದು ಬ್ಲ್ಯಾಕ್‌ಪಲ್ಲಿಯಿಂದ, ಅಂದರೆ ಇಂದಿನ ಶಿವಾಜಿನಗರದಿಂದ, ಮತ್ತು ಹಲಸೂರಿನಿಂದ. ದಂಡಿನ ವೈಭವವೆಲ್ಲ ಆ ಇಕ್ಕಟ್ಟಿನ ಗಲ್ಲಿಗಳ ಜನರ ದುಡಿಮೆಯ ಮೇಲೆ ನಿಂತಿತ್ತು.

ಇಂಥ ಒಂದು ಬಂಗಲೆಯ ಒಳಗಿನ ಬದುಕು ಹೇಗಿತ್ತು ಎಂಬುದಕ್ಕೆ ವಿನ್‌ಸ್ಟನ್ ಚರ್ಚಿಲ್ ಬರೆದಿಟ್ಟ ವಿವರಗಳಿವೆ. 1896ರಲ್ಲಿ ನಾಲ್ಕನೇ ಹುಸಾರ್ಸ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರಿಗೆ ಬಂದಾಗ ಅವನಿಗೆ ಇಪ್ಪತ್ತೆರಡು ತುಂಬಿರಲಿಲ್ಲ. ಇನ್ನಿಬ್ಬರು ಅಧಿಕಾರಿಗಳ ಜೊತೆ ಸೇರಿ ಬಾಡಿಗೆಗೆ ಹಿಡಿದ ಬಂಗಲೆಯ ಆವರಣ ಸುಮಾರು ಎರಡು ಎಕರೆ. ಮನೆಗೆ ನಸುಗೆಂಪು ಮತ್ತು ಬಿಳಿ ಬಣ್ಣ, ಗಾರೆಯ ಕಂಬಗಳು, ಅವಕ್ಕೆ ಹಬ್ಬಿದ ಬೋಗನ್‌ವಿಲ್ಲಾ. ಹಿಂದೆ ಇದ್ದವರಿಂದ ನೂರೈವತ್ತರಷ್ಟು ಗುಲಾಬಿ ಗಿಡಗಳನ್ನು ಕೊಂಡರು. ಮೂವತ್ತು ಕುದುರೆ ನಿಲ್ಲುವಂಥ ಮಣ್ಣುಗೋಡೆಯ, ಹೆಂಚಿನ ಲಾಯ ಕಟ್ಟಿಸಿದರು. ಮೂವರಿಗೆ ಮೂವರು ಬಟ್ಲರು, ಅವರ ಕೆಳಗೆ ಉಡುಪು ನೋಡಿಕೊಳ್ಳುವವರು, ಕುದುರೆ ನೋಡಿಕೊಳ್ಳುವವರು, ತೋಟದ ಮಾಲಿಗಳು, ನೀರು ಹೊರುವವರು, ಅಗಸರು, ಕಾವಲುಗಾರ. ಬೆಳಿಗ್ಗೆ ಕವಾಯತು, ಸಂಜೆ ಪೋಲೊ, ನಡುವಿನ ಬಿಸಿಲಿನ ಹೊತ್ತಿನಲ್ಲಿ ಓದು.

ಈ ಚಿತ್ರದಲ್ಲಿ ಇನ್ನೊಂದು ಸಂಗತಿಯಿದೆ, ನನಗೆ ಅದು ಗುಲಾಬಿಗಿಂತ ಮುಖ್ಯ. ಆ ಅಧಿಕಾರಿಗಳ ಸಂಬಳ ಈ ಸಂಸಾರಕ್ಕೆ ಸಾಲುತ್ತಿರಲಿಲ್ಲ. ಕೊರತೆ ತುಂಬಲು ಅವರು ಸ್ಥಳೀಯ ಲೇವಾದೇವಿಗಾರರಿಂದ ತಿಂಗಳ ಲೆಕ್ಕದ ದುಬಾರಿ ಬಡ್ಡಿಗೆ ಸಾಲ ತರುತ್ತಿದ್ದರು. ಎರಡೆಕರೆಯ ಬಂಗಲೆಯಲ್ಲಿದ್ದವನು ಸಾಲಗಾರ, ಸಾಲ ಕೊಟ್ಟವನು ಇಕ್ಕಟ್ಟಿನ ಬೀದಿಯ ಸಾಹುಕಾರ. ಚರ್ಚಿಲ್ ಊರು ಬಿಟ್ಟ ಮೇಲೂ ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ 1899ರ ಜೂನ್ ತಿಂಗಳ ನಮೂದಿನಂತೆ ಹದಿಮೂರು ರೂಪಾಯಿ ಅವನ ಹೆಸರಿನಲ್ಲಿ ಬಾಕಿ ಉಳಿಯಿತು. ದಂಡಿನ ನೆಲಕ್ಕೆ ಬೆಲೆ ತಂದದ್ದು ಅಲ್ಲಿದ್ದವರ ಸ್ವಂತ ಹಣ ಎಂದು ಭಾವಿಸುವುದು ತಪ್ಪು. ರಸ್ತೆ, ನೀರು, ಕಾವಲು, ರೈಲು ಎಲ್ಲವೂ ಆಡಳಿತದ ಖರ್ಚಿನಲ್ಲಿ ಬಂದವು. 1864ರಲ್ಲಿ ಜೋಲಾರಪೇಟೆಯಿಂದ ಬಂದ ಮೊದಲ ರೈಲುಮಾರ್ಗ ದಂಡಿನಲ್ಲೇ ಕೊನೆಗೊಂಡಿತು, ಪೇಟೆಯವರೆಗೆ ಬರಲಿಲ್ಲ.

ದಂಡಿನಲ್ಲಿ ಸ್ವಂತ ಸಾಹಸದಿಂದ ಹಣ ಹುಡುಕಿ ಹೊರಟವನೊಬ್ಬನಿದ್ದ. ಮೈಕೇಲ್ ಲ್ಯಾವೆಲ್, ನಿವೃತ್ತ ಐರಿಷ್ ಸೈನಿಕ. ಕೋಲಾರದ ಮಣ್ಣಿನಲ್ಲಿ ಚಿನ್ನವಿದೆ ಎಂದು 1804ರಲ್ಲಿ ಜಾನ್ ವಾರೆನ್ ಬರೆದಿದ್ದನ್ನು ಓದಿ, 1871ರಲ್ಲಿ ಎತ್ತಿನಗಾಡಿ ಹತ್ತಿ ಅಲ್ಲಿಗೆ ಹೋದ. ಮೈಸೂರು ಸರ್ಕಾರದಿಂದ ಗಣಿ ತೋಡುವ ಹಕ್ಕು ಗಿಟ್ಟಿಸಿದ. ಬಂಡವಾಳ ಸಾಲದೆ ಆ ಹಕ್ಕನ್ನು ಸೈನ್ಯಾಧಿಕಾರಿಗಳ ಕೂಟವೊಂದಕ್ಕೆ ಬಿಟ್ಟುಕೊಟ್ಟ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿ ಆಳಕ್ಕಿಳಿಯಿತು, ಕೊನೆಗೆ ಮೂರು ಕಿಲೋಮೀಟರನ್ನೂ ದಾಟಿತು. 2001ರಲ್ಲಿ ಮುಚ್ಚುವವರೆಗೆ ಅಲ್ಲಿ ದುಡಿದು ಧೂಳು ಕುಡಿದ ಕುಟುಂಬಗಳು ಇಂದಿಗೂ ಕೆಜಿಎಫ್‌ನ ಸಾಲುಮನೆಗಳಲ್ಲಿವೆ. ಲ್ಯಾವೆಲ್ ಮಾತ್ರ ಬೆಂಗಳೂರಿನಲ್ಲಿ ಕಟ್ಟಿಸಿದ ಮನೆಗೆ ಊರ್ಗಾಂ ಎಂದು ಗಣಿಯ ಹೆಸರನ್ನೇ ಇಟ್ಟ. ಮನೆಯಿದ್ದ ಬೀದಿ ಲ್ಯಾವೆಲ್ ರಸ್ತೆಯಾಯಿತು. ನೂರೈವತ್ತು ವರ್ಷವಾದರೂ ಬೆಂಗಳೂರಿನ ಅತಿ ದುಬಾರಿ ವಿಳಾಸಗಳ ಪಟ್ಟಿಯಿಂದ ಆ ಹೆಸರು ಇಳಿದಿಲ್ಲ.

ದಂಡಿನ ಬದುಕನ್ನು ನೋಡಿದ ಮೈಸೂರಿನ ಆಳುವವರೂ ಅದೇ ಮಾದರಿ ಹಿಡಿದರು. ಸೆಂಟ್ರಲ್ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ರೆವರೆಂಡ್ ಗ್ಯಾರೆಟ್ ಅವರಿಂದ 1873ರಲ್ಲಿ, ಬಾಲಕ ಚಾಮರಾಜೇಂದ್ರ ಒಡೆಯರಿಗಾಗಿ, ಒಂದು ದೊಡ್ಡ ಆಸ್ತಿ ಕೊಂಡರು. ಅದೇ ಬೆಂಗಳೂರು ಅರಮನೆ. ಕೊಟ್ಟ ಬೆಲೆ 40,000 ರೂಪಾಯಿ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕುಮಾರಕೃಪಾ ಎಂಬ ನಿವಾಸ ಅರಮನೆಗೆ ಸಮೀಪದ ಹೈಗ್ರೌಂಡ್ಸ್‌ನಲ್ಲಿ ಬಂತು. ಅಧಿಕಾರವೂ ಹಣವೂ ಪೇಟೆಯಿಂದ ಎದ್ದು ಎತ್ತರಕ್ಕೆ ಹೊರಟಿದ್ದವು. ಪೇಟೆಯ ಸಾಮಾನ್ಯ ಅನುಕೂಲಸ್ಥರಿಗೆ ಮಾತ್ರ ಅಜ್ಜನ ಮನೆ ಬಿಡಲು ಮನಸ್ಸಿರಲಿಲ್ಲ. ಅವರನ್ನು ಎಬ್ಬಿಸಿದ್ದು ಪ್ಲೇಗು.

1898ರ ಆಗಸ್ಟಿನಲ್ಲಿ, ಹುಬ್ಬಳ್ಳಿ ಕಡೆಯಿಂದ ಬರುವ ರೈಲಿನ ದಾರಿಯಲ್ಲಿ, ಪ್ಲೇಗು ಬೆಂಗಳೂರಿಗೆ ಬಂತು. ಉಗ್ರಾಣ ತುಂಬ ಧಾನ್ಯ, ಮಣ್ಣಿನ ಗೋಡೆ, ಬೆಳಕಿಲ್ಲದ ಕೋಣೆ: ಇಲಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ. ತರಗುಪೇಟೆ, ಅಕ್ಕಿಪೇಟೆಯ ಸಿರಿಯೇ ರೋಗಕ್ಕೆ ದಾರಿಯಾಯಿತು. ಇಲಿ ಬಿದ್ದ ಮನೆಯನ್ನು ತೆರವು ಮಾಡಿಸಿ, ಔಷಧಿ ಹೊಡೆದು, ಗಾಳಿಬೆಳಕಿಗೆಂದು ಮಾಡು ಬಿಚ್ಚುತ್ತಿದ್ದರು. ಸಾವಿರಾರು ಜನ ಊರ ಹೊರಗಿನ ತಡಿಕೆಯ ಶೆಡ್ಡುಗಳಲ್ಲಿ ದಿನ ಕಳೆದರು. ಹೆಣ ಹೊರಲು ಜನ ಸಿಗದ ದಿನಗಳಿದ್ದವು. ಊರಿನ ಹಲವು ಕಡೆ ಪ್ಲೇಗಮ್ಮನ ಗುಡಿಗಳು ಎದ್ದವು.

ಪ್ಲೇಗಿಗೆ ಮೊದಲೇ, 1892ರಿಂದ, ಚಾಮರಾಜಪೇಟೆಯನ್ನು ಅಚ್ಚುಕಟ್ಟಾಗಿ ಗೆರೆ ಎಳೆದು ಕಟ್ಟಲು ಶುರುಮಾಡಿದ್ದರು. ರೋಗದ ಹೊಡೆತಕ್ಕೆ ಬಸವನಗುಡಿ ಮತ್ತು ಮಲ್ಲೇಶ್ವರದ ಕೆಲಸ ಚುರುಕಾಯಿತು. ಜನ ಇವನ್ನು ಎಕ್ಸ್‌ಟೆನ್ಷನ್ ಎಂದರು. ನೇರ ರಸ್ತೆ, ಅಡ್ಡರಸ್ತೆ, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡಲೆಂದು ಪ್ರತ್ಯೇಕ ಓಣಿ, ಸುತ್ತಲೂ ಜಾಗ ಬಿಟ್ಟು ನಡುವೆ ಮನೆ. ಹೆಸರಘಟ್ಟದ ಕೆರೆಯಿಂದ ಕೊಳವೆ ನೀರು ಅಷ್ಟರಲ್ಲಿ ಊರು ಮುಟ್ಟಿತ್ತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತೂ ಬಂತು. ದಂಡಿನ ಬಂಗಲೆ ಇಲ್ಲಿ ಕುಗ್ಗಿ, ಕನ್ನಡದ ಮನೆಯಾಯಿತು. ಮಂಕಿ ಟಾಪ್ ಉಳಿಯಿತು, ಹೆಂಚು ಉಳಿಯಿತು. ಜೊತೆಗೆ ಹಿತ್ತಲಲ್ಲಿ ಬಾವಿ, ತುಳಸಿಕಟ್ಟೆ, ಎರಡು ತೆಂಗು, ಒಂದು ಸಂಪಿಗೆ ಮರ.

ಆದರೆ ಹಂಚಿಕೆ ಹೇಗಾಯಿತು ಎಂಬುದನ್ನು ಬಿಟ್ಟು ಈ ಬಡಾವಣೆಗಳ ಸೊಬಗನ್ನು ಮಾತ್ರ ಹೊಗಳುವುದು ನನ್ನಿಂದಾಗದು. ಬ್ಲಾಕುಗಳನ್ನು ಜಾತಿ, ಕೋಮಿನ ಲೆಕ್ಕದಲ್ಲಿ ವಿಂಗಡಿಸಿದರು. ಯಾರ ಪಕ್ಕ ಯಾರಿರಬೇಕು ಎಂಬುದನ್ನು ನಕ್ಷೆಯೇ ಹೇಳುತ್ತಿತ್ತು. ಓದು ಬರಹ, ಸರ್ಕಾರಿ ಕೆಲಸ ಇದ್ದವರಿಗೆ ಗಾಳಿ ಬೆಳಕಿನ ನಿವೇಶನ ದಕ್ಕಿತು. ಹಿಂದಿನ ಓಣಿಯಲ್ಲಿ ಮಲ ಹೊತ್ತವರಿಗೆ ಆ ನಕ್ಷೆಯಲ್ಲಿ ಮನೆ ಇರಲಿಲ್ಲ. ಒಂದು ಮಾತನ್ನು ಮಾತ್ರ ಒಪ್ಪಬೇಕು: ಮಲ್ಲೇಶ್ವರ, ಬಸವನಗುಡಿಗಳಲ್ಲಿ ಹೈಕೋರ್ಟಿನ ನ್ಯಾಯಾಧೀಶರ ಮನೆಯಿಂದ ನಾಲ್ಕು ಹೆಜ್ಜೆಗೆ ಗುಮಾಸ್ತರ ವಠಾರವಿರುತ್ತಿತ್ತು. ಒಂದೇ ನಲ್ಲಿ, ಎಂಟು ಸಂಸಾರ. ಆಮೇಲೆ ಬಂದ ಶ್ರೀಮಂತರ ಬಡಾವಣೆಗಳಲ್ಲಿ ವಠಾರಕ್ಕೆ ಜಾಗವೇ ಇರಲಿಲ್ಲ.

ಸ್ವಾತಂತ್ರ್ಯದ ಹೊತ್ತಿಗೆ ದಂಡಿನ ನೆಲ ಮೈಸೂರು ರಾಜ್ಯಕ್ಕೆ ಮರಳಿತು. 1949ರಲ್ಲಿ ಎರಡು ಊರುಗಳು ಒಂದೇ ಕಾರ್ಪೊರೇಷನ್ ಆದವು. ಇಂಗ್ಲಿಷರು ಬಿಟ್ಟುಹೋದ ಬಂಗಲೆಗಳನ್ನು ಪೇಟೆಯ ವರ್ತಕರು, ಕಾಫಿ ಎಸ್ಟೇಟಿನವರು, ಕಂಪನಿಗಳು ಕೊಂಡವು. ದಂಡಿಗೆ ಬಿಯರ್ ಒದಗಿಸುತ್ತಿದ್ದ ಭಟ್ಟಿಗಳನ್ನು ಸೇರಿಸಿ ಥಾಮಸ್ ಲೀಶ್‌ಮನ್ 1915ರಲ್ಲಿ ಕಟ್ಟಿದ್ದ ಯುನೈಟೆಡ್ ಬ್ರೂವರೀಸ್ ವಿಠಲ ಮಲ್ಯರ ಕೈಗೆ ಬಂದದ್ದೂ ಅದೇ ಸಮಯದಲ್ಲಿ. 1976ರ ನಗರ ಭೂ ಮಿತಿ ಕಾನೂನು ಬೆಂಗಳೂರಿನಲ್ಲಿ ಖಾಲಿ ನೆಲದ ಮಿತಿಯನ್ನು 1,000 ಚದರ ಮೀಟರಿಗೆ, ಅಂದರೆ ಸುಮಾರು ಹತ್ತು ಗುಂಟೆಗೆ, ಇಳಿಸಿತು. ಆಸ್ತಿ ಪಾಲಾಯಿತು, ಬಿಲ್ಡರುಗಳು ಬಂದರು. 1980ರ ದಶಕ ಮುಗಿಯುವಷ್ಟರಲ್ಲಿ ರಿಚ್ಮಂಡ್ ರಸ್ತೆ, ಲ್ಯಾವೆಲ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಯ ಎಷ್ಟೋ ಬಂಗಲೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್ ನಿಂತಿದ್ದವು. ಕಿತ್ತ ಮಂಕಿ ಟಾಪ್‌ಗಳು ಗುಜರಿಗೆ ಹೋದವು.

ಅದೇ ಅವಧಿಯಲ್ಲಿ ಹಣವಂತರಿಗೆ ಹೊಸ ವಿಳಾಸವೂ ಸಿಕ್ಕಿತ್ತು. ಅರಮನೆಯ ಉತ್ತರಕ್ಕೆ, ಸ್ಯಾಂಕಿ ಕೆರೆಯ ಮಗ್ಗುಲಲ್ಲಿ, ಅರಮನೆಯ ಹಣ್ಣಿನ ತೋಟಗಳಿದ್ದವು. ಪ್ಯಾಲೇಸ್ ಆರ್ಚರ್ಡ್ಸ್ ಎಂದೇ ಕರೆಯುತ್ತಿದ್ದರು. 1960ರ ಆಸುಪಾಸಿನಲ್ಲಿ ತೋಟ ಬಡಾವಣೆಯಾಯಿತು, ಸದಾಶಿವನಗರವೆಂಬ ಹೆಸರು ಪಡೆಯಿತು. ಮಂತ್ರಿಗಳು, ಉದ್ಯಮಿಗಳು, ಸಿನಿಮಾದವರು ಅಲ್ಲಿ ಮನೆ ಕಟ್ಟಿದರು. ಗಾಜನೂರಿನಿಂದ ಬಂದ ಡಾ. ರಾಜ್‌ಕುಮಾರ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದೂ 2006ರಲ್ಲಿ ಕೊನೆಯುಸಿರೆಳೆದದ್ದೂ ಅಲ್ಲಿಯೇ. ದೊಡ್ಡ ಗೇಟು, ಎತ್ತರದ ಗೋಡೆಯ ಆ ಬೀದಿಗಳಿಗೆ ನಾಡಿನ ಮೂಲೆಮೂಲೆಯ ಜನ ನುಗ್ಗಿ ಬಂದ ದಿನ ಅದು.

ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಆ ಕಾರ್ನಾಡ್ ಸದಾಶಿವರಾಯರ ಕಥೆ ಅಲ್ಲಿ ಎಷ್ಟು ಮನೆಗಳಲ್ಲಿ ಗೊತ್ತಿದೆಯೋ! 1881ರಲ್ಲಿ ಮಂಗಳೂರಿನ ಸ್ಥಿತಿವಂತ ಮನೆತನದಲ್ಲಿ ಹುಟ್ಟಿದವರು, ವಕೀಲಿ ಓದಿದವರು. ಗಾಂಧೀಜಿಯ ಸತ್ಯಾಗ್ರಹಕ್ಕೆ ಕರ್ನಾಟಕದಿಂದ ಮೊದಲು ಹೆಜ್ಜೆಯಿಟ್ಟವರಲ್ಲಿ ಒಬ್ಬರು. ಹೆಂಡತಿ ಶಾಂತಾಬಾಯಿಯವರ ಜೊತೆ ವಿಧವೆಯರಿಗಾಗಿ, ದಿಕ್ಕಿಲ್ಲದ ಹೆಂಗಸರಿಗಾಗಿ ಮಹಿಳಾ ಸಭೆ ಕಟ್ಟಿದರು. ಚಳವಳಿಗೆ, ಹರಿಜನ ಸೇವೆಗೆ, ಕೈಚಾಚಿದವರಿಗೆ ಕೊಡುತ್ತ ಕೊಡುತ್ತ ಆಸ್ತಿಯೆಲ್ಲ ಕರಗಿತು. 1937ರಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ಅವರ ಹತ್ತಿರ ಏನೂ ಉಳಿದಿರಲಿಲ್ಲ. ಎಲೆ ಮಲ್ಲಪ್ಪ ಶೆಟ್ಟರ ಸಾಲಿಗೆ ಸೇರಬೇಕಾದ ಈ ಮನುಷ್ಯನ ಹೆಸರನ್ನು ಆ ತೋಟಕ್ಕೆ ಇಟ್ಟವರ ಮನಸ್ಸಿನಲ್ಲಿ ಗೌರವವಿತ್ತು ಎಂದೇ ನಂಬುತ್ತೇನೆ. ಅಲ್ಲಿನ ಪಾರ್ಕಿನಲ್ಲೋ ಶಾಲೆಯಲ್ಲೋ ಅವರ ಬದುಕನ್ನು ಮಕ್ಕಳಿಗೆ ಹೇಳುವ ವ್ಯವಸ್ಥೆಯೂ ಆಗಬೇಕು.

ಮುಂದಿನದು ಸೈಟಿನ ಕಾಲ. ನಗರ ಸುಧಾರಣಾ ಮಂಡಳಿಯಾದ ಸಿಐಟಿಬಿ, 1976ರ ನಂತರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ರೈತರ ಹೊಲ ವಶಪಡಿಸಿಕೊಂಡು ಮೂವತ್ತಕ್ಕೆ ನಲವತ್ತು, ನಲವತ್ತಕ್ಕೆ ಅರವತ್ತು ಎಂದು ಗೆರೆ ಹಾಕಿ ಹಂಚಿದವು. ಡಾಲರು ತಂದ ಅನಿವಾಸಿಗಳಿಗೆ ಸೈಟು ಕೊಟ್ಟ ಕಡೆ ಡಾಲರ್ಸ್ ಕಾಲೊನಿ ಎಂಬ ಹೆಸರೇ ಅಂಟಿತು. ಮುಖ್ಯಮಂತ್ರಿಗಳ ವಿವೇಚನೆಯ ಜಿ ಕೆಟಗರಿ ಸೈಟುಗಳ ವಿವಾದ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಸೈಟು ಬಂದರೆ ಬದುಕು ದಡ ಸೇರಿದಂತೆ, ಬಾರದಿದ್ದರೆ ಆಯುಷ್ಯವೆಲ್ಲ ಬಾಡಿಗೆ. ಸರ್ಕಾರದ ಒಂದು ಹಂಚಿಕೆ ಪತ್ರ ಎರಡು ತಲೆಮಾರಿನ ಅದೃಷ್ಟವನ್ನು ತೀರ್ಮಾನಿಸಿದ ಊರು ಇದು.

ಕೋರಮಂಗಲ ಅದಕ್ಕೆ ಸಾಕ್ಷಿ. ಹೊಲ, ತೋಪು, ಕೆರೆಯಿದ್ದ ಹಳ್ಳಿಯನ್ನು ಬಿಡಿಎ ಬ್ಲಾಕುಗಳಾಗಿ ಸೀಳಿತು. ಕೆರೆಯ ಅಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕ್ರೀಡಾಗ್ರಾಮದ ಬಹುಮಹಡಿ ಮನೆಗಳು ಎದ್ದವು. ಮೂರನೇ ಬ್ಲಾಕಿನ ದೊಡ್ಡ ನಿವೇಶನಗಳು ಸಾಫ್ಟ್‌ವೇರ್ ಮತ್ತು ನವೋದ್ಯಮಗಳ ಹಣವಂತರ ಕೈಸೇರಿದವು. 2024ರಲ್ಲಿ ಅಲ್ಲಿನ ನಿವೇಶನವೊಂದು ಚದರಡಿಗೆ 70,000 ರೂಪಾಯಿ ದಾಟಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಈಜಿಪುರ. ಬಡವರಿಗೆಂದು ಪಾಲಿಕೆ ಕಟ್ಟಿಸಿದ್ದ ವಸತಿಗಳಲ್ಲಿ ಕೆಲವು 2007ರಲ್ಲಿ ಕುಸಿದವು. 2013ರ ಜನವರಿಯಲ್ಲಿ ಉಳಿದವರ ತಗಡಿನ ಶೆಡ್ಡುಗಳನ್ನು ಬುಲ್ಡೋಜರ್ ಕೆಡವಿತು. ಚಳಿಯಲ್ಲಿ ಫುಟ್‌ಪಾತಿಗೆ ಬಿದ್ದವರಲ್ಲಿ ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸರು ಬಹಳ ಮಂದಿ ಇದ್ದರು. ಬ್ಲ್ಯಾಕ್‌ಪಲ್ಲಿಯ ಲೆಕ್ಕವೇ ಇಲ್ಲಿಯೂ ನಡೆದಿತ್ತು.

ಹಳೆಯ ದಂಡಿನ ನೆಲವೂ ಬೆಲೆ ಕಳೆದುಕೊಳ್ಳಲಿಲ್ಲ, ಆಕಾಶಕ್ಕೆ ಏರಿತು. ಲ್ಯಾವೆಲ್ ರಸ್ತೆಯ ನೆರೆಯ ಗ್ರ್ಯಾಂಟ್ ರಸ್ತೆ ವಿಠಲ ಮಲ್ಯ ರಸ್ತೆಯಾಗಿತ್ತು. ಮದ್ಯದ ಕಂಪನಿಯ ಜಾಗದಲ್ಲಿ 2008ರಲ್ಲಿ ಯುಬಿ ಸಿಟಿ ತೆರೆಯಿತು. ಮಲ್ಯ ಕುಟುಂಬದ ಹಳೆಯ ಮನೆಯಿದ್ದ ನಿವೇಶನದಲ್ಲಿ 34 ಮಹಡಿಯ ಗೋಪುರ ಎದ್ದು, ಅದರ ನೆತ್ತಿಯ ಮೇಲೆ ವಿಜಯ್ ಮಲ್ಯರಿಗಾಗಿ ಬಿಳಿಯ ಸೌಧವೊಂದನ್ನು ಕಟ್ಟಲಾಯಿತು. ಅದು ವಾಸಕ್ಕೆ ಸಿದ್ಧವಾಗುವ ಮೊದಲೇ, 2016ರಲ್ಲಿ, ಅವರು ದೇಶ ಬಿಟ್ಟರು. ಇನ್ನು ಆ 40,000 ರೂಪಾಯಿಯ ಅರಮನೆ. ಅದನ್ನು ವಶಕ್ಕೆ ಪಡೆಯಲು ರಾಜ್ಯ 1996ರಲ್ಲಿ ಕಾನೂನು ಮಾಡಿತು, 472 ಎಕರೆಗೆ 11 ಕೋಟಿ ಪರಿಹಾರವೆಂದಿತು. ವ್ಯಾಜ್ಯ ಮುಗಿಯಲಿಲ್ಲ. ರಸ್ತೆ ಅಗಲಿಸಲು ಬೇಕಾದ 15 ಎಕರೆ ಚಿಲ್ಲರೆ ಜಾಗಕ್ಕೆ ಅಭಿವೃದ್ಧಿ ಹಕ್ಕು ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಆದೇಶಿಸಿದಾಗ ಅದರ ಮೌಲ್ಯ 3,000 ಕೋಟಿ ರೂಪಾಯಿ ಮೀರಿತ್ತು. ಒಂದು ರಸ್ತೆ ಅಗಲಿಸುವಷ್ಟು ನೆಲಕ್ಕೂ ಸರ್ಕಾರ ತಡವರಿಸುವ ಸ್ಥಿತಿ ಬಂತು.

2022ರ ಸೆಪ್ಟೆಂಬರಿನ ಮೊದಲ ವಾರದ ಮಳೆಯೂ ಈ ಇತಿಹಾಸದ ಒಂದು ಅಧ್ಯಾಯ. ಬೆಳ್ಳಂದೂರು, ಯಮಲೂರು, ವರ್ತೂರಿನ ಕಡೆ ಕೆರೆಯಿಂದ ಕೆರೆಗೆ ನೀರು ಹರಿಸುತ್ತಿದ್ದ ರಾಜಕಾಲುವೆಗಳ ಮೇಲೆ, ಪಕ್ಕದಲ್ಲಿ, ಎರಡು ದಶಕದಿಂದ ಕಟ್ಟಡ ಬೆಳೆದಿದ್ದವು. ಯಮಲೂರಿನ ಎಪ್ಸಿಲಾನ್ ಬಡಾವಣೆಯಲ್ಲಿ ದೇಶದ ಹೆಸರಾಂತ ಉದ್ಯಮಿಗಳ ವಿಲ್ಲಾಗಳಿದ್ದವು. ನೀರು ಗೇಟು ದಾಟಿ ಹಜಾರಕ್ಕೆ ನುಗ್ಗಿತು, ಐಷಾರಾಮಿ ಕಾರುಗಳು ಮುಳುಗಿದವು. ಅಲ್ಲಿಯ ನಿವಾಸಿಗಳನ್ನು ಟ್ರಾಕ್ಟರುಗಳಲ್ಲಿ, ರಬ್ಬರ್ ದೋಣಿಗಳಲ್ಲಿ ಹೊರಗೆ ತಂದರು. ಅದೇ ನೀರು ಪಕ್ಕದ ಕೂಲಿಕಾರರ ಶೆಡ್ಡುಗಳನ್ನೂ ತುಂಬಿತು. ಅವರ ಚಿತ್ರ ಟಿವಿಯಲ್ಲಿ ಕಡಿಮೆ ಬಂತು. ನೀರಿಳಿದ ಮೇಲೆ ಪಾಲಿಕೆ ಒತ್ತುವರಿ ತೆರವಿಗೆ ಹೊರಟಾಗ ಕಾಲುವೆಯ ಗಡಿ ಗೊತ್ತುಮಾಡಲು ಬೇಕಾದದ್ದು ಹಳೆಯ ಗ್ರಾಮ ನಕಾಶೆ. ಸರ್ವೆಯವರು ಅದನ್ನು ಹರಡಿಕೊಂಡು ಸರಪಳಿ ಎಳೆದರು. ಕೆಲವು ಗೋಡೆಗಳು ಬಿದ್ದವು. ಕೆಲವು ಕಡೆ ಮಾಲೀಕರು ತಡೆಯಾಜ್ಞೆ ತಂದರು, ಜೆಸಿಬಿ ವಾಪಸು ಹೋಯಿತು.